ಫೋನ್ ತಂತಿ ಬಿಟ್ಟು ಕೇಬಲ್ ತಂತಿಗೆ: ಮನೆಯ ಇಂಟರ್ನೆಟ್ ಬದಲಿಸಿದ ಅನುಭವ

ಹಳೆಯ ಡಿಎಸ್ಎಲ್ (ಫೋನ್ ತಂತಿಯ ಮೇಲೆ ಬರುವ ಇಂಟರ್ನೆಟ್) ಸಂಪರ್ಕದ ಕೊನೆಯ ಬಿಲ್ ಚುಕ್ತಾ ಆಯಿತು. ಲ್ಯಾಂಡ್‌ಲೈನ್ ನಂಬರ್ ಕೇಬಲ್ ಕಂಪನಿಯ ಕಡೆಗೆ ಬಂತು. ಹೊಸ ಮೋಡೆಮ್ ತೊಂದರೆಯಿಲ್ಲದೆ ಓಡುತ್ತಿದೆ. ಈ ನಡುವೆ ಒಂದೊಂದಾಗಿ ಗೊತ್ತಾದದ್ದೆಲ್ಲ ಮೊದಲೇ ಒಂದೆಡೆ ಸಿಕ್ಕಿದ್ದರೆ, ಕಾಯುವುದೂ ಕಸ್ಟಮರ್ ಕೇರ್‌ಗೆ ಫೋನ್ ಹಿಡಿದು ಕೂರುವುದೂ ಎಷ್ಟೋ ಕಡಿಮೆಯಾಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಫೋನ್ ಕಂಪನಿಯ ತಾಮ್ರದ ಜೋಡಿ ತಂತಿಯೂ ಕೇಬಲ್ ಟಿವಿಯ ದಪ್ಪ ತಂತಿಯೂ ಮನೆಗೆ ಬಂದಿದ್ದರೆ ನೆನಪಿಡಬೇಕಾದದ್ದು ಇಷ್ಟು: ಎರಡು ಕಂಪನಿಗಳ ಪೈಪೋಟಿಯಿಂದ ನಿಮಗೆ ಲಾಭ ಸಿಗುವುದು ಎರಡೂ ತಂತಿಗಳಿಗೆ ಜೀವ ಇರುವವರೆಗೆ. ಹೊಸದನ್ನು ಅಳೆದು ನೋಡದೆ ಹಳೆಯದನ್ನು ಬಿಡಬೇಡಿ.

ಯಾವ ಕಂಪನಿಗೂ ಫೋನ್ ಮಾಡುವ ಮುನ್ನ ಹಳೆಯ ಡಿಎಸ್ಎಲ್ ಮೋಡೆಮಿನ ಪುಟ ತೆರೆದು ಲೈನಿನ ಸ್ಥಿತಿ ನೋಡಿ. ಮೋಡೆಮಿನ ಅಡಿಯ ಚೀಟಿಯಲ್ಲಿ ಅದರ ವಿಳಾಸವೂ ಪಾಸ್‌ವರ್ಡೂ ಇರುತ್ತವೆ. ಒಳಗೆ ಹೋದರೆ ಮೂರು ಅಂಕಿಗಳು ಬೇಕು: ಲೈನ್ ಅಟೆನ್ಯುಯೇಷನ್, ಎಸ್ಎನ್ಆರ್ ಮಾರ್ಜಿನ್, ಸಿಂಕ್ ವೇಗ (ಮೋಡೆಮ್ ಎಕ್ಸ್‌ಚೇಂಜಿನ ಜೊತೆ ಕುದುರಿಸಿಕೊಂಡ ವೇಗ). ಅಟೆನ್ಯುಯೇಷನ್ ಅಂದರೆ ಎಕ್ಸ್‌ಚೇಂಜಿನಿಂದ ಮನೆಗೆ ಬರುವಷ್ಟರಲ್ಲಿ ಸಿಗ್ನಲ್ ಎಷ್ಟು ಸೊರಗಿದೆ ಎಂಬ ಲೆಕ್ಕ. ಸಾಮಾನ್ಯ ಫೋನ್ ತಂತಿಯಲ್ಲಿ ಕಿಲೋಮೀಟರಿಗೆ ಹೆಚ್ಚೂಕಡಿಮೆ 14 ಡಿಬಿ (ಡೆಸಿಬೆಲ್) ಇಳಿಯುತ್ತದೆ. 20 ಡಿಬಿ ಇದ್ದರೆ ಎಡಿಎಸ್ಎಲ್2+ (ಡಿಎಸ್ಎಲ್‌ನ ಸಾಮಾನ್ಯ ಬಗೆ) ಒಳ್ಳೆಯ ವೇಗ ಕೊಡುತ್ತದೆ. 40 ಡಿಬಿ ದಾಟಿದರೆ 8 ಎಂಬಿಪಿಎಸ್ ಆಸುಪಾಸಿಗೆ ಕುಸಿಯುತ್ತದೆ, 60 ಡಿಬಿಯಲ್ಲಿ ಒಂದೆರಡು ಎಂಬಿಪಿಎಸ್ ಸಿಕ್ಕರೆ ಪುಣ್ಯ. ಜಾಹೀರಾತಿನಲ್ಲಿ ಕಾಣುವ 24 ಎಂಬಿಪಿಎಸ್ ಎಕ್ಸ್‌ಚೇಂಜಿನ ಪಕ್ಕದಲ್ಲೇ ಇರುವವರಿಗೆ. ಫೋನ್ ಕಂಪನಿ ಎಷ್ಟೇ ದೊಡ್ಡ ಪ್ಲ್ಯಾನ್ ಮಾರಲಿ, ಅದೇ ತಂತಿಯ ಮೇಲೆ, ಅದೇ ದೂರದಲ್ಲಿ ಈ ಮಿತಿ ಬದಲಾಗುವುದಿಲ್ಲ.

ಎಸ್ಎನ್ಆರ್ ಮಾರ್ಜಿನ್, ಅಂದರೆ ತಂತಿಯ ಗದ್ದಲದ ನಡುವೆಯೂ ಸಿಗ್ನಲ್ ಕಡಿಯದಿರಲು ಉಳಿದಿರುವ ಹೆಚ್ಚುವರಿ ಜಾಗ, ಬೇರೆಯೇ ಕಥೆ ಹೇಳುತ್ತದೆ. ಕಂಪನಿಗಳು ಸಾಮಾನ್ಯವಾಗಿ ಇದನ್ನು 6 ಡಿಬಿಗೆ ಇಡುತ್ತವೆ. ಅದು ಎರಡು ಮೂರಕ್ಕೆ ಇಳಿದು, ಲೈನ್ ದಿನಕ್ಕೆ ಹಲವು ಸಲ ಕಡಿದು ಬೀಳುತ್ತಿದ್ದರೆ ತಪ್ಪು ಬಹಳ ಸಲ ಮನೆಯೊಳಗಿನ ವೈರಿಂಗಿನದೇ. ಪರೀಕ್ಷಿಸುವುದು ಸುಲಭ. ಮನೆಯ ಎಲ್ಲ ಫೋನುಗಳನ್ನೂ ಎಕ್ಸ್‌ಟೆನ್ಷನ್ ತಂತಿಗಳನ್ನೂ ಕಳಚಿ, ಲೈನ್ ಮನೆಗೆ ಬರುವ ಮೊದಲ ಸಾಕೆಟ್ಟಿಗೆ ಮೋಡೆಮನ್ನು ನೇರವಾಗಿ ಸಿಕ್ಕಿಸಿ ಒಂದು ರಾತ್ರಿ ಬಿಡಿ. ಮಾರ್ಜಿನ್ ಏರಿದರೆ ಒಳಗಿನ ತಂತಿ ಬದಲಿಸಿದರೆ ಸಾಕು, ಕಂಪನಿ ಬದಲಿಸುವ ಅಗತ್ಯವೇ ಬೀಳದಿರಬಹುದು. ಫೋನ್ ರಿಂಗಾದಾಗಲೆಲ್ಲ ಇಂಟರ್ನೆಟ್ ಕಡಿಯುತ್ತಿದ್ದರೆ ಯಾವುದೋ ಒಂದು ಫೋನಿಗೆ ಮೈಕ್ರೋಫಿಲ್ಟರ್ (ಮಾತನ್ನೂ ಡೇಟಾವನ್ನೂ ಬೇರ್ಪಡಿಸುವ ಸಣ್ಣ ಡಬ್ಬಿ) ಇಲ್ಲ ಅಥವಾ ಇದ್ದದ್ದು ಕೆಟ್ಟಿದೆ ಎಂದು ಹೆಚ್ಚಾಗಿ ಅರ್ಥ. ರಿಂಗಿಗಾಗಿ ತಂತಿಯಲ್ಲಿ ಬರುವ ಎಸಿ ವೋಲ್ಟೇಜ್ ಹೆಚ್ಚಾಗಿ 90 ವೋಲ್ಟಿನ ಹತ್ತಿರ ಇರುತ್ತದೆ. ಫಿಲ್ಟರ್ ಇಲ್ಲದಿದ್ದರೆ ಅದು ಡಿಎಸ್ಎಲ್ ಸಿಗ್ನಲನ್ನು ಕೆಡಿಸುತ್ತದೆ.

ನಮ್ಮಲ್ಲಿ ಒಳಗಿನ ವೈರಿಂಗ್ ಸರಿಯಿತ್ತು. ದೂರವೇ ಹೆಚ್ಚು. ಇದು ಖಚಿತವಾದ ಮೇಲೆ ಮನಸ್ಸಿಗೆ ನಿರಾಳವಾಯಿತು. ಏಕೆಂದರೆ ಆಮೇಲೆ ಫೋನ್ ಕಂಪನಿಯವರು ಏನೇ ಆಸೆ ತೋರಿಸಿದರೂ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬುದು ಗೊತ್ತಿತ್ತು.

ಈ ಎರಡು ತಂತಿಗಳ ಗುಣವನ್ನು ಸ್ವಲ್ಪ ತಿಳಿದುಕೊಂಡರೆ ಮಾರಾಟದವರ ಮಾತು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಫೋನಿನ ತಾಮ್ರದ ಜೋಡಿ ಎಕ್ಸ್‌ಚೇಂಜಿನಿಂದ ನಿಮ್ಮ ಮನೆಗೆ ಮಾತ್ರ ಬರುತ್ತದೆ, ಬೇರೆ ಯಾರಿಗೂ ಅದರಲ್ಲಿ ಪಾಲಿಲ್ಲ. ಆದರೆ ಅದು 4 ಕಿಲೋಹರ್ಟ್ಸ್ ತನಕದ ಮಾತಿಗೆಂದು ಹಾಕಿದ ತಂತಿ. ಎಡಿಎಸ್ಎಲ್2+ ಅದರ ಮೇಲೆ 2.2 ಮೆಗಾಹರ್ಟ್ಸ್ ತನಕ ಡೇಟಾ ತುಂಬುತ್ತದೆ. ದೂರ ಹೆಚ್ಚಿದಂತೆ ಮೇಲಿನ ಆವರ್ತನಗಳು ಮೊದಲು ಸಾಯುತ್ತವೆ. ಕೇಬಲ್ ಟಿವಿಯ ಕೋಆಕ್ಸಿಯಲ್ ತಂತಿ ನೂರಾರು ಮೆಗಾಹರ್ಟ್ಸ್ ಹೊರಲೆಂದೇ ಹುಟ್ಟಿದ್ದು, ಹಾಗಾಗಿ ಅದರ ಸಾಮರ್ಥ್ಯ ದೊಡ್ಡದು. ಕೇಬಲ್ ಇಂಟರ್ನೆಟ್ಟಿನ ಡಾಕ್ಸಿಸ್ 3.0 ಮಾನದಂಡದಲ್ಲಿ 6 ಮೆಗಾಹರ್ಟ್ಸಿನ ಒಂದೊಂದು ಚಾನಲ್ ಸುಮಾರು 38 ಎಂಬಿಪಿಎಸ್ ಹೊರುತ್ತದೆ, ಎಂಟು ಚಾನಲ್ ಕಟ್ಟಿದರೆ 300ರ ಮೇಲೆ. ಆದರೆ ಆ ಸಾಮರ್ಥ್ಯ ನಿಮ್ಮೊಬ್ಬರದಲ್ಲ. ಫೈಬರ್ ಬಂದು ನಿಲ್ಲುವ ಬೀದಿಯ ಪೆಟ್ಟಿಗೆಯಿಂದ, ಅಂದರೆ ನೋಡಿನಿಂದ (node), ಮುಂದೆ ನೂರಾರು ಮನೆಗಳು ಅದನ್ನು ಹಂಚಿಕೊಳ್ಳುತ್ತವೆ. ಒಬ್ಬರಿಗೆ ದೂರದ ಕಾಟ, ಇನ್ನೊಬ್ಬರಿಗೆ ನೆರೆಹೊರೆಯ ಕಾಟ. ನಿಮ್ಮ ಮನೆಗೆ ಯಾವ ಕಾಟ ಹಗುರ ಎಂಬುದರ ಮೇಲೆ ಆಯ್ಕೆ ನಿಲ್ಲಬೇಕು.

ಈ ಪೈಪೋಟಿ ಎಲ್ಲ ದೇಶಗಳಲ್ಲೂ ಒಂದೇ ದಾರಿ ಹಿಡಿಯಲಿಲ್ಲ. ಕೇಬಲ್ ಮೋಡೆಮುಗಳಿಗೆ ಡಾಕ್ಸಿಸ್‌ನ ಮೊದಲ ಮಾನದಂಡ ಬಂದದ್ದು 1997ರಲ್ಲಿ. ಅಮೆರಿಕದಲ್ಲಿ ಕೇಬಲ್ ಕಂಪನಿಗಳು ತಮ್ಮ ತಂತಿಯನ್ನು ಬೇರೆ ಇಂಟರ್ನೆಟ್ ಕಂಪನಿಗಳಿಗೆ ತೆರೆಯಬೇಕಿಲ್ಲ ಎಂಬ ನಿಲುವನ್ನು 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ವರ್ಷ ಫೋನ್ ಕಂಪನಿಗಳಿಗೂ ಡಿಎಸ್ಎಲ್ ವಿಷಯದಲ್ಲಿ ಅದೇ ವಿನಾಯಿತಿ ಸಿಕ್ಕಿತು. ಹೀಗೆ ಹೆಚ್ಚಿನ ಮನೆಗಳಿಗೆ ಉಳಿದದ್ದು ಎರಡೇ ಆಯ್ಕೆ. ಯುರೋಪಿನ ಒಕ್ಕೂಟ 2001ರಿಂದ ಫೋನ್ ಕಂಪನಿಗಳು ತಮ್ಮ ತಾಮ್ರದ ತಂತಿಯನ್ನು ಪ್ರತಿಸ್ಪರ್ಧಿಗಳಿಗೂ ಬಾಡಿಗೆಗೆ ಕೊಡಬೇಕು ಎಂದು ನಿಯಮ ಮಾಡಿತು. ಅಲ್ಲಿ ಒಂದೇ ತಂತಿಯ ಮೇಲೆ ಹಲವು ಕಂಪನಿಗಳು ಸ್ಪರ್ಧಿಸಿದವು. ನೀವಿರುವ ಕಡೆ ಯಾವ ನಿಯಮ ಎಂದು ಮೊದಲೇ ತಿಳಿದುಕೊಳ್ಳಿ. ನಿಮ್ಮ ಫೋನ್ ತಂತಿಯ ಮೇಲೇ ಮೂರನೆಯ ಕಂಪನಿ ಸೇವೆ ಕೊಡುತ್ತಿರಬಹುದು, ಅದಕ್ಕಾಗಿ ಹೊಸ ತಂತಿ ಎಳೆಸಬೇಕಾಗಿಲ್ಲ.

ಇನ್ನು ಪ್ಲ್ಯಾನ್ ಓದುವುದು. ದೊಡ್ಡ ಅಕ್ಷರದಲ್ಲಿರುವುದು ಡೌನ್‌ಲೋಡ್ ವೇಗ, ಅದೂ ‘ಅಷ್ಟರವರೆಗೆ’. ನೀವು ಕೇಳಬೇಕಾದದ್ದು ಅಪ್‌ಲೋಡ್. ಕೇಬಲಿನಲ್ಲಿ ಮೇಲಕ್ಕೆ ಹೋಗುವ ದಾರಿ ಬಲು ಕಿರಿದು. ಹಳೆಯ ಜಾಲಗಳಲ್ಲಿ 5ರಿಂದ 42 ಅಥವಾ 65 ಮೆಗಾಹರ್ಟ್ಸಿನ ನಡುವಿನ ಜಾಗ ಮಾತ್ರ ಅದಕ್ಕಿರುತ್ತದೆ. ವಿಡಿಯೋ ಕರೆ, ಫೋಟೋ ಬ್ಯಾಕಪ್ ಹೆಚ್ಚು ಮಾಡುವವರಿಗೆ ಇದೇ ಮುಖ್ಯ ಅಂಕಿ. ಡಿಎಸ್ಎಲ್ ಕಡೆಯೂ ಎಚ್ಚರ ಬೇಕು: ಸಿಂಕ್ ವೇಗವೆಲ್ಲ ಕೈಗೆ ಬರುವುದಿಲ್ಲ. ಎಡಿಎಸ್ಎಲ್ ಡೇಟಾವನ್ನು 53 ಬೈಟುಗಳ ಎಟಿಎಂ (ಬ್ಯಾಂಕಿನದಲ್ಲ, ಡೇಟಾ ಸಾಗಿಸುವ ಒಂದು ಪದ್ಧತಿ) ತುಣುಕುಗಳಾಗಿ ಕಳಿಸುತ್ತದೆ, ಅದರಲ್ಲಿ 48 ಬೈಟು ಮಾತ್ರ ಸರಕು. ಉಳಿದ ಹೊದಿಕೆಗಳೂ ಸೇರಿ 8 ಎಂಬಿಪಿಎಸ್ ಸಿಂಕಿನಲ್ಲಿ 7ಕ್ಕಿಂತ ಕಡಿಮೆಯೇ ಸಿಗುತ್ತದೆ. ಲೈನ್ ಕೆಟ್ಟಿಲ್ಲದಿದ್ದರೂ ಇಷ್ಟು ಸೋರಿಕೆ ಇದ್ದದ್ದೇ.

ಹಣದ ವಿಷಯದಲ್ಲಿ ಕಣ್ಣಿಡಬೇಕಾದ ಜಾಗಗಳು ಬೇರೆ. ಮೊದಲ ತಿಂಗಳುಗಳ ರಿಯಾಯಿತಿ ಮುಗಿದ ಮೇಲೆ ದರ ಎಷ್ಟಾಗುತ್ತದೆ, ಮೋಡೆಮಿಗೆ ತಿಂಗಳ ಬಾಡಿಗೆಯೋ ಒಂದೇ ಸಲದ ಬೆಲೆಯೋ, ಅಳವಡಿಕೆ ಶುಲ್ಕ, ಡೆಪಾಸಿಟ್, ಮಧ್ಯೆ ಬಿಟ್ಟರೆ ದಂಡ, ಡೇಟಾ ಮಿತಿ ದಾಟಿದರೆ ಏನಾಗುತ್ತದೆ, ಇಷ್ಟನ್ನೂ ಬರಹದಲ್ಲಿ ಕೇಳಿ. ಟಿವಿ, ಫೋನ್, ಇಂಟರ್ನೆಟ್ ಮೂರನ್ನೂ ಕಟ್ಟಿ ಕೊಡುವ ಪ್ಯಾಕೇಜ್ ಅಗ್ಗವಾಗಿ ಕಂಡರೂ ಒಂದನ್ನು ತೆಗೆದರೆ ಉಳಿದೆರಡರ ದರ ಏರುವುದುಂಟು. ಪ್ರತಿ ಸೇವೆಯ ಬಿಡಿ ದರವನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ದಾಖಲೆಗಳು ಹೆಚ್ಚಿಲ್ಲ, ಆದರೆ ಒಂದು ಅಕ್ಷರ ತಪ್ಪಿದರೂ ಅರ್ಜಿ ಹಿಂದಕ್ಕೆ ಬರುತ್ತದೆ. ಗುರುತಿನ ಚೀಟಿ, ವಿಳಾಸದ ಪುರಾವೆ, ಬಾಡಿಗೆ ಮನೆಯಾದರೆ ಗೋಡೆ ಕೊರೆಯಲು ಮಾಲೀಕರ ಒಪ್ಪಿಗೆ ಪತ್ರ. ಅಪಾರ್ಟ್‌ಮೆಂಟಾದರೆ ಸಂಘದ ಅನುಮತಿ ಬೇರೆ ಬೇಕಾಗುತ್ತದೆ, ಅಳವಡಿಕೆ ತಡವಾಗುವುದು ಹೆಚ್ಚಾಗಿ ಇಲ್ಲಿಯೇ. ನಂಬರ್ ಸಾಗಿಸುವುದಾದರೆ ಹಳೆಯ ಫೋನ್ ಕಂಪನಿಯ ಇತ್ತೀಚಿನ ಬಿಲ್ ಬೇಕೇ ಬೇಕು. ಅದರಲ್ಲಿರುವ ಹೆಸರು, ಖಾತೆ ಸಂಖ್ಯೆ, ವಿಳಾಸ ಹೇಗಿವೆಯೋ ಹಾಗೆಯೇ ಹೊಸ ಅರ್ಜಿಯಲ್ಲೂ ಇರಬೇಕು. ಬಿಲ್ ಮನೆಯ ಹಿರಿಯರ ಹೆಸರಿನಲ್ಲಿದ್ದು ಅರ್ಜಿ ನಿಮ್ಮ ಹೆಸರಿನಲ್ಲಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಹೆಸರು ಬದಲಾವಣೆಯನ್ನು ಮೊದಲು ಮುಗಿಸಿಕೊಳ್ಳಿ.

ಅಳವಡಿಕೆಯ ದಿನ ಮನೆಯಲ್ಲಿ ಯಾರಾದರೂ ಪಕ್ಕದಲ್ಲೇ ನಿಂತು ನೋಡಬೇಕು. ಮುಂದಿನ ವರ್ಷಗಳ ನೆಮ್ಮದಿ ಆ ಒಂದೆರಡು ಗಂಟೆಗಳ ಕೆಲಸದಲ್ಲಿದೆ. ಹೊರಗಿನಿಂದ ಬರುವ ತಂತಿ ಮನೆಯ ಹತ್ತಿರ ಗ್ರೌಂಡ್ ಬ್ಲಾಕಿಗೆ ಬಂದು ಅರ್ಥಿಂಗ್ ಆಗಿರಬೇಕು. ಒಳಗೆ ಬರುವ ಮುನ್ನ ತಂತಿ ಕೆಳಗೆ ಜೋತು ಒಂದು ಬಾಗು ತೆಗೆದುಕೊಂಡಿರಬೇಕು, ಇಲ್ಲದಿದ್ದರೆ ಮಳೆನೀರು ತಂತಿಯ ಗುಂಟ ಕನೆಕ್ಟರಿಗೆ ಇಳಿಯುತ್ತದೆ. ಒಳಗಿನದು 75 ಓಮಿನ ಆರ್‌ಜಿ-6 ತಂತಿಯೇ ಎಂದು ಮೇಲಿನ ಮುದ್ರಣ ಓದಿ. ಹಳೆಯ ಟಿವಿಗೆ ಹಾಕಿದ್ದ ತೆಳು ಆರ್‌ಜಿ-59 ಗೋಡೆಯೊಳಗೆ ಉಳಿದಿದ್ದರೆ ಅದನ್ನೇ ಬಳಸಲು ಬಿಡಬೇಡಿ, ಅದರಲ್ಲಿ ನಷ್ಟ ಹೆಚ್ಚು. ತಂತಿಯ ತುದಿಯ ಎಫ್ ಕನೆಕ್ಟರ್ ಒತ್ತಿ ಕೂರಿಸುವ ಕಂಪ್ರೆಷನ್ ಮಾದರಿಯದಿರಲಿ. ನಡುವಿನ ತಾಮ್ರದ ಕಡ್ಡಿ ಕನೆಕ್ಟರಿನ ಅಂಚಿನಿಂದ ಸುಮಾರು 3 ಮಿಲಿಮೀಟರ್ ಹೊರಗಿರಬೇಕು. ಸುತ್ತಲಿನ ಜಾಲರಿಯ ಒಂದೇ ಒಂದು ಎಳೆ ಆ ಕಡ್ಡಿಗೆ ತಾಗಿದರೂ ಶಾರ್ಟ್ ಆಗಿ ಸಂಪರ್ಕ ಕೆಡುತ್ತದೆ.

ಸ್ಪ್ಲಿಟರ್ (ತಂತಿಯನ್ನು ಕವಲಾಗಿಸುವ ಡಬ್ಬಿ) ವಿಷಯದಲ್ಲಿ ಹಠ ಹಿಡಿಯಿರಿ. ಎರಡು ಕವಲಿನ ಸ್ಪ್ಲಿಟರ್ ಪ್ರತಿ ಕವಲಿಗೆ ಸುಮಾರು 3.5 ಡಿಬಿ ತಿನ್ನುತ್ತದೆ, ನಾಲ್ಕು ಕವಲಿನದು 7 ಡಿಬಿ. ಕೆಲವು ಮೂರು ಕವಲಿನವುಗಳಲ್ಲಿ ಒಂದು ಬಾಯಿಗೆ ಮಾತ್ರ 3.5, ಉಳಿದೆರಡಕ್ಕೆ 7. ಬಾಯಿಯ ಪಕ್ಕದಲ್ಲೇ ಬರೆದಿರುತ್ತದೆ. ಹೊರಗಿನ ತಂತಿ ಬಂದ ಕೂಡಲೇ ಎರಡು ಕವಲು ಮಾಡಿಸಿ, ಒಂದನ್ನು ನೇರ ಮೋಡೆಮಿಗೆ ಕೊಟ್ಟು, ಎಲ್ಲ ಟಿವಿಗಳನ್ನೂ ಇನ್ನೊಂದರಿಂದ ಹಂಚಿಸಿ. ಖಾಲಿ ಬಿಟ್ಟ ಬಾಯಿಗಳಿಗೆ 75 ಓಮಿನ ಟರ್ಮಿನೇಟರ್ (ಮುಚ್ಚಳದಂಥ ತುಂಡು) ಹಾಕಿಸಿ. ದಾರಿಯಲ್ಲಿ ಹಳೆಯ ಟಿವಿ ಆ್ಯಂಪ್ಲಿಫೈಯರ್ ಇದ್ದರೆ ಕಿತ್ತೊಗೆಯಿರಿ. ಅಂಥ ಎಷ್ಟೋ ಪೆಟ್ಟಿಗೆಗಳು ಸಿಗ್ನಲನ್ನು ಕೆಳಕ್ಕೆ ಮಾತ್ರ ಬಿಡುತ್ತವೆ, ಮೋಡೆಮ್ ಮೇಲಕ್ಕೆ ಕಳಿಸುವುದನ್ನು ತಡೆದುಬಿಡುತ್ತವೆ. ಟಿವಿ ಚೆನ್ನಾಗಿ ಬರುತ್ತಿದ್ದೂ ಮೋಡೆಮ್ ಮಾತ್ರ ಎಷ್ಟು ಹೊತ್ತಾದರೂ ಆನ್‌ಲೈನ್ ಆಗದಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ತಂತ್ರಜ್ಞರು ಹೊರಡುವ ಮುನ್ನ ಮೋಡೆಮಿನ ಪುಟ ತೆರೆಸಿ. ಹೆಚ್ಚಿನ ಕೇಬಲ್ ಮೋಡೆಮುಗಳಲ್ಲಿ ಅದು 192.168.100.1ರಲ್ಲಿ ಸಿಗುತ್ತದೆ. ಡೌನ್‌ಸ್ಟ್ರೀಮ್ (ಮನೆಗೆ ಬರುವ) ಪವರ್ ಮೈನಸ್ 7ರಿಂದ ಪ್ಲಸ್ 7 ಡಿಬಿಎಂವಿ (ಸಿಗ್ನಲ್ ಬಲದ ಅಳತೆ) ಒಳಗಿದ್ದರೆ ಚೆನ್ನ. ಮಾನದಂಡ ಮೈನಸ್ 15ರಿಂದ ಪ್ಲಸ್ 15ರವರೆಗೆ ಬಿಟ್ಟರೂ ಅಂಚಿನಲ್ಲಿ ಕೂತ ಸಂಪರ್ಕ ಹವಾಮಾನ ಬದಲಾದಾಗ ಬೀಳುತ್ತದೆ. ಎಸ್ಎನ್ಆರ್ 33 ಡಿಬಿಗಿಂತ ಮೇಲಿರಲಿ. ಅಪ್‌ಸ್ಟ್ರೀಮ್ (ಮೋಡೆಮ್ ಮೇಲಕ್ಕೆ ಕಳಿಸುವ) ಪವರ್ ಮಾತ್ರ ಉಲ್ಟಾ: ಅಂಕಿ ಹೆಚ್ಚಾದಷ್ಟೂ ಮೋಡೆಮ್ ಕಿರುಚುತ್ತಿದೆ ಎಂದರ್ಥ. 40ರ ಆಸುಪಾಸು ನೆಮ್ಮದಿ. 50 ಮುಟ್ಟಿದ್ದರೆ ಇನ್ನು ಏರಲು ಹೆಚ್ಚು ಜಾಗವಿಲ್ಲ, ದಾರಿಯಲ್ಲೆಲ್ಲೋ ನಷ್ಟ ಹೆಚ್ಚಿದೆ. ಈ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ದೂರು ಕೊಡುವಾಗ ‘ಮೊದಲ ದಿನ 41 ಇತ್ತು, ಈಗ 51 ಆಗಿದೆ’ ಎಂದು ಅಂಕಿ ಸಮೇತ ಹೇಳಿದರೆ ಮೋಡೆಮ್ ಆಫ್ ಮಾಡಿ ಆನ್ ಮಾಡಿ ಎಂಬ ಮಾತು ಅಲ್ಲಿಗೇ ನಿಲ್ಲುತ್ತದೆ.

ತಂತಿ ಸರಿಯಾದರೂ ಇಂಟರ್ನೆಟ್ ಕೂಡಲೇ ಬರುವುದಿಲ್ಲ. ಮೋಡೆಮಿನ ಮ್ಯಾಕ್ ವಿಳಾಸ (ಆ ಸಾಧನದ ಗುರುತಿನ ಸಂಖ್ಯೆ) ಕಂಪನಿಯ ವ್ಯವಸ್ಥೆಯಲ್ಲಿ ನಿಮ್ಮ ಖಾತೆಗೆ ಸೇರಬೇಕು. ಸ್ವಂತ ಮೋಡೆಮ್ ಕೊಂಡವರಿಗೆ ಇಲ್ಲಿ ಹೆಚ್ಚು ತಡವಾಗುತ್ತದೆ. ಕಂಪನಿ ಒಪ್ಪಿದ ಮಾದರಿಗಳ ಪಟ್ಟಿಯಲ್ಲಿ ಅದು ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ಹಿಂದಿನವರ ಖಾತೆಯಿಂದ ಅದು ಬಿಡುಗಡೆಯಾಗಿರಬೇಕು. ಇನ್ನೊಂದು ಸಣ್ಣ ವಿಷಯ: ಮೊದಲು ಲ್ಯಾಪ್‌ಟಾಪ್ ಸಿಕ್ಕಿಸಿ, ಆಮೇಲೆ ಅದನ್ನು ತೆಗೆದು ರೂಟರ್ ಸಿಕ್ಕಿಸಿದರೆ ಇಂಟರ್ನೆಟ್ ಬಾರದೆ ಇರಬಹುದು. ಮೋಡೆಮ್ ಮೊದಲು ಕಂಡ ಸಾಧನವನ್ನೇ ಹಿಡಿದುಕೊಂಡಿರುತ್ತದೆ. ಮೋಡೆಮಿನ ಕರೆಂಟ್ ತೆಗೆದು ಒಂದು ನಿಮಿಷ ಬಿಟ್ಟು ಹಾಕಿದರೆ ಸರಿಹೋಗುತ್ತದೆ. ಡಿಎಸ್ಎಲ್‌ನ ಹಾಗೆ ಇಲ್ಲಿ ಸಾಮಾನ್ಯವಾಗಿ ಪಿಪಿಪಿಒಇ (ಲಾಗಿನ್ ಆಗಿ ಸಂಪರ್ಕ ಪಡೆಯುವ ಪದ್ಧತಿ) ಹೆಸರು, ಪಾಸ್‌ವರ್ಡ್ ಇರುವುದಿಲ್ಲ. ಹಳೆಯ ರೂಟರನ್ನೇ ಬಳಸುವವರು ಅದರಲ್ಲಿ ಸಂಪರ್ಕದ ಬಗೆಯನ್ನು ಡಿಎಚ್‌ಸಿಪಿಗೆ (ವಿಳಾಸ ತಾನಾಗಿಯೇ ಸಿಗುವ ಬಗೆ) ಬದಲಿಸಿ, 1492 ಇದ್ದ ಎಂಟಿಯು (ಒಂದು ಸಲಕ್ಕೆ ಕಳಿಸುವ ತುಣುಕಿನ ಗರಿಷ್ಠ ಗಾತ್ರ) ಅನ್ನು 1500ಕ್ಕೆ ತರಬೇಕು.

ಆಮೇಲೆ ಸಂಜೆಗಾಗಿ ಕಾಯಿರಿ. ಬೆಳಿಗ್ಗೆಯ ವೇಗ ಪರೀಕ್ಷೆ ಕೇಬಲ್ ಸಂಪರ್ಕದ ಬಗ್ಗೆ ಏನನ್ನೂ ಹೇಳುವುದಿಲ್ಲ. ರಾತ್ರಿ 8ರಿಂದ 11ರ ನಡುವೆ, ವಾರಾಂತ್ಯವೂ ಸೇರಿದಂತೆ, ವೈಫೈ ಬಿಟ್ಟು ತಂತಿ ಸಿಕ್ಕಿಸಿ ಅಳೆಯಿರಿ. ವೇಗದ ಜೊತೆಗೆ ಪಿಂಗ್ (ಸಂದೇಶ ಹೋಗಿ ಬರಲು ಹಿಡಿಯುವ ಸಮಯ) ಕೂಡ ನೋಡಿ: ದೊಡ್ಡದೊಂದು ಫೈಲ್ ಮೇಲಕ್ಕೆ ಕಳಿಸುತ್ತಾ ಪಿಂಗ್ ಮಾಡಿದಾಗ 20 ಮಿಲಿಸೆಕೆಂಡ್ ಇದ್ದದ್ದು ನೂರಾರಕ್ಕೆ ಏರಿದರೆ ಕರೆಗಳು ಒಡೆಯುತ್ತವೆ. ಅಪ್‌ಲೋಡನ್ನು ಪ್ಲ್ಯಾನಿನ ವೇಗಕ್ಕಿಂತ ಹತ್ತು ಶೇಕಡಾದಷ್ಟು ಕಡಿಮೆಗೆ ಕಟ್ಟಿಹಾಕುವ ಸೌಲಭ್ಯ ರೂಟರಿನಲ್ಲಿದ್ದರೆ ಇದು ಬಹುಪಾಲು ಗುಣವಾಗುತ್ತದೆ. ಸಂಜೆ ಮಾತ್ರ ವೇಗ ಕುಸಿದು, ಮೋಡೆಮಿನ ಪವರ್, ಎಸ್ಎನ್ಆರ್ ಹಾಗೇ ಇದ್ದರೆ ನೋಡಿನಲ್ಲಿ ಜನ ಹೆಚ್ಚಾಗಿದ್ದಾರೆ. ಅದಕ್ಕೆ ಮನೆಯೊಳಗೆ ಮದ್ದಿಲ್ಲ, ಕಂಪನಿ ನೋಡನ್ನು ಒಡೆದು ಎರಡು ಮಾಡಬೇಕು. ದೂರು ಕೊಟ್ಟು, ಸರಿಹೋಗದಿದ್ದರೆ ರದ್ದತಿಯ ಅವಧಿ ಮುಗಿಯುವ ಮೊದಲು ವಾಪಸು ಮಾಡಿ. ಹಳೆಯ ಸಂಪರ್ಕ ಉಳಿಸಿಕೊಂಡಿರಿ ಎಂದದ್ದು ಇದಕ್ಕೇ. ಒಂದು ತಿಂಗಳು ಎರಡೆರಡು ಬಿಲ್ ಕಟ್ಟುವುದು ಹೊಟ್ಟೆ ಉರಿಸುತ್ತದೆ ನಿಜ, ಆದರೆ ಇಂಟರ್ನೆಟ್ ಇಲ್ಲದೆ ಮನೆಯಿಂದ ಕೆಲಸ ಮಾಡಬೇಕಾದ ಒಂದು ವಾರಕ್ಕೆ ಹೋಲಿಸಿದರೆ ಅದು ಅಗ್ಗ.

ಎಲ್ಲಕ್ಕಿಂತ ಹೆಚ್ಚು ಆತಂಕ ಕೊಟ್ಟದ್ದು ನಂಬರ್ ಸಾಗಿಸುವ ಹಂತ. ಲ್ಯಾಂಡ್‌ಲೈನ್ ನಂಬರ್ ಸಾಗಿಸಲು ಅವಕಾಶವಿರುವ ಕಡೆ ಕ್ರಮ ಹೀಗೆ: ಕೋರಿಕೆಯನ್ನು ಹೊಸ ಕಂಪನಿಗೆ ಕೊಡಬೇಕು, ಹಳೆಯ ಕಂಪನಿಗೆ ಅಲ್ಲ. ಹಳೆಯ ಕಂಪನಿಗೆ ನೀವೇ ಫೋನ್ ಮಾಡಿ ರದ್ದು ಮಾಡಿಸಿದರೆ ನಂಬರ್ ಅಲ್ಲಿಗೇ ಸತ್ತುಹೋಗಬಹುದು, ಸತ್ತ ನಂಬರನ್ನು ಬಹಳ ಕಡೆ ಸಾಗಿಸಲಾಗದು. ಬಾಕಿ ಬಿಲ್ ಅಥವಾ ತೀರದ ದೂರು ಇದ್ದರೆ ಕೋರಿಕೆ ತಿರಸ್ಕಾರವಾಗಬಹುದು. ಇದರ ಜೊತೆಗೆ ಯಾರೂ ಹೇಳದ ಒಂದು ಗಂಟು ಇದೆ. ಬಹಳ ಕಡೆ ಡಿಎಸ್ಎಲ್ ಸಂಪರ್ಕ ಆ ಫೋನ್ ನಂಬರಿಗೇ ಕಟ್ಟಿಕೊಂಡಿರುತ್ತದೆ. ನಂಬರ್ ಹೋದ ಗಳಿಗೆಯಲ್ಲೇ ಇಂಟರ್ನೆಟ್ ಕೂಡ ಕಡಿಯುತ್ತದೆ. ಆದ್ದರಿಂದ ಕೇಬಲ್ ಇಂಟರ್ನೆಟ್ ಸಂಜೆಯ ಪರೀಕ್ಷೆಯಲ್ಲಿ ಗೆದ್ದ ಮೇಲೆಯೇ ನಂಬರಿಗೆ ಕೋರಿಕೆ ಕೊಡಿ. ಡಿಎಸ್ಎಲ್ ಕೂಡ ಉಳಿಯಬೇಕಾದರೆ ನಂಬರಿಲ್ಲದ ಬರೀ ಡಿಎಸ್ಎಲ್ ಸಿಗುತ್ತದೆಯೇ ಎಂದು ಮೊದಲೇ ಕೇಳಿ ಬದಲಿಸಿಕೊಳ್ಳಿ.

ಸಾಗಣೆಯ ದಿನ ಕೆಲವು ಗಂಟೆ ವಿಚಿತ್ರ ಸ್ಥಿತಿ ಇರುತ್ತದೆ. ಮನೆಯಿಂದ ಕರೆ ಹೋಗುತ್ತದೆ, ಒಳಗೆ ಬರುವ ಕರೆ ಕೆಲವರಿಗೆ ಹೊಸ ಫೋನಿನಲ್ಲಿ, ಕೆಲವರಿಗೆ ಹಳೆಯ ಫೋನಿನಲ್ಲಿ ಸಿಗುತ್ತದೆ. ಎರಡೂ ಫೋನನ್ನು ಸಿಕ್ಕಿಸಿಟ್ಟಿರಿ. ಬ್ಯಾಂಕಿನಿಂದ ಮುಖ್ಯವಾದ ಕರೆ ಬರಬೇಕಿರುವ ದಿನ ಇದನ್ನು ಇಟ್ಟುಕೊಳ್ಳಬೇಡಿ. ಬೇರೆ ಬೇರೆ ಕಂಪನಿಗಳ ಮೊಬೈಲಿನಿಂದ ಕರೆ ಮಾಡಿಸಿ ಎಲ್ಲವೂ ಹೊಸದಕ್ಕೇ ಬರುತ್ತಿವೆ ಎಂದು ಖಚಿತಪಡಿಸಿಕೊಂಡ ಮೇಲಷ್ಟೇ ಹಳೆಯದನ್ನು ಕಳಚಿ.

ಇಲ್ಲಿ ನಿಜವಾಗಿ ಕಳೆದುಕೊಳ್ಳುವುದೂ ಒಂದಿದೆ. ಹಳೆಯ ತಾಮ್ರದ ಲೈನಿಗೆ ಎಕ್ಸ್‌ಚೇಂಜೇ 48 ವೋಲ್ಟ್ ಕೊಡುತ್ತದೆ. ಮನೆಯಲ್ಲಿ ಕರೆಂಟ್ ಹೋದರೂ ಸಾದಾ ಫೋನ್ ಕೆಲಸ ಮಾಡುತ್ತದೆ. ಕೇಬಲ್ ಮೋಡೆಮಿನಿಂದ ಬರುವ ಫೋನಿಗೆ ಆ ಭಾಗ್ಯವಿಲ್ಲ. ಮೋಡೆಮಿಗೆ ಬ್ಯಾಟರಿ ಅಥವಾ ಯುಪಿಎಸ್ ಬೇಕು, ಬೀದಿಯ ನೋಡಿಗೂ ಬ್ಯಾಟರಿ ಇರಬೇಕು. ವಯಸ್ಸಾದವರು ಮನೆಯಲ್ಲಿದ್ದರೆ, ಫೋನ್ ಲೈನಿಗೆ ಕಟ್ಟಿದ ಕಳ್ಳಗಂಟೆಯೋ ವೈದ್ಯಕೀಯ ಅಲಾರಮ್ಮೋ ಇದ್ದರೆ, ಅದನ್ನು ಹಾಕಿಕೊಟ್ಟವರನ್ನು ಕರೆಸಿ ಹೊಸ ಲೈನಿನ ಮೇಲೆ ಪರೀಕ್ಷಿಸದೆ ಬಿಡಲೇಬೇಡಿ. ಅಂಥ ಮನೆಗಳಲ್ಲಿ ಅಗ್ಗದ ಪ್ಲ್ಯಾನಿನಲ್ಲಿ ತಾಮ್ರದ ಲೈನನ್ನು ಉಳಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಿಡುತ್ತೇವೆ ಎಂದು ಗೊತ್ತಾದೊಡನೆ ಹಳೆಯ ಕಂಪನಿಯಿಂದ ಕರೆಗಳು ಶುರುವಾಗುತ್ತವೆ. ನಿನ್ನೆಯವರೆಗೆ ಇಲ್ಲದ ರಿಯಾಯಿತಿ ಇವತ್ತು ಸಿಗುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ತಂತಿ ಬದಲಾಗುತ್ತದೆಯೇ? ಬೀದಿಯ ಪೆಟ್ಟಿಗೆಯವರೆಗೆ ಫೈಬರ್ ತಂದು ಅಲ್ಲಿಂದ ವಿಡಿಎಸ್ಎಲ್2 (ಕಡಿಮೆ ದೂರಕ್ಕೆ ಒದಗುವ ವೇಗದ ಡಿಎಸ್ಎಲ್) ಕೊಡುವುದಾದರೆ, ಪೆಟ್ಟಿಗೆ ಕೆಲವು ನೂರು ಮೀಟರಿನೊಳಗೆ ಇದ್ದರೆ, 50ರಿಂದ 100 ಎಂಬಿಪಿಎಸ್ ನಂಬಬಹುದಾದ ಮಾತು. ಮನೆಯೊಳಗೇ ಫೈಬರ್ ಬರುವುದಾದರೆ ಕೇಬಲಿಗಿಂತಲೂ ಮೇಲು, ಅಪ್‌ಲೋಡಿನಲ್ಲಂತೂ ಎರಡು ಮಾತಿಲ್ಲ. ಅದೇ ತಾಮ್ರ, ಅದೇ ಎಕ್ಸ್‌ಚೇಂಜ್, ದರ ಮಾತ್ರ ಕಡಿಮೆ ಎಂದಾದರೆ ನಿಮ್ಮ ಲೈನಿನ ಅಟೆನ್ಯುಯೇಷನ್ ಹಾಗೇ ಉಳಿಯುತ್ತದೆ. ಆ ರಿಯಾಯಿತಿಯನ್ನು ಕೇಬಲ್ ಕಂಪನಿಗೆ ತಿಳಿಸಿ ಅಳವಡಿಕೆ ಶುಲ್ಕ ಬಿಡಿಸಿಕೊಳ್ಳಲು ಮಾತ್ರ ಬಳಸಿ. ನಮಗೆ ಅಷ್ಟರಮಟ್ಟಿಗೆ ಕೆಲಸಕ್ಕೆ ಬಂತು.

ಖಾತೆ ಮುಚ್ಚುವ ಮುನ್ನ ಫೋನ್ ಕಂಪನಿ ಕೊಟ್ಟ ಇಮೇಲ್ ವಿಳಾಸ ಎಲ್ಲೆಲ್ಲಿ ಬಳಸಿದ್ದೀರೋ ಅಲ್ಲೆಲ್ಲ ಬದಲಿಸಿ, ಹಳೆಯ ಪತ್ರಗಳನ್ನು ಇಳಿಸಿಟ್ಟುಕೊಳ್ಳಿ. ಸಂಪರ್ಕ ಹೋದ ಮೇಲೆ ಆ ಪೆಟ್ಟಿಗೆ ಎಷ್ಟು ದಿನ ತೆರೆದಿರುತ್ತದೆ ಎಂಬ ಭರವಸೆ ಇಲ್ಲ. ನಂಬರ್ ಸಾಗಿದ ಮೇಲೂ ಡಿಎಸ್ಎಲ್ ಖಾತೆ ಬೇರೆಯಾಗಿ ಉಳಿದು ತಿಂಗಳ ಬಿಲ್ ಬರುತ್ತಲೇ ಇರಬಹುದು, ಅದಕ್ಕೆ ಬರಹದಲ್ಲಿ ರದ್ದತಿ ಕೊಟ್ಟು ಕೋರಿಕೆ ಸಂಖ್ಯೆ ತೆಗೆದುಕೊಳ್ಳಿ. ಬ್ಯಾಂಕಿನ ಆಟೋ ಪೇ ಆಮೇಲೆ ನಿಲ್ಲಿಸಿ. ಬಾಡಿಗೆಯ ಮೋಡೆಮನ್ನು ಅದರ ಅಡಾಪ್ಟರ್ ಸಮೇತ ಹಿಂದಿರುಗಿಸಿ, ಸೀರಿಯಲ್ ನಂಬರ್ ಬರೆದ ರಸೀದಿ ಕೇಳಿ. ಡೆಪಾಸಿಟ್ ವಾಪಸು ಬಂದು, ಬಾಕಿ ಸೊನ್ನೆ ಎಂಬ ಕೊನೆಯ ಬಿಲ್ ಕೈಗೆ ಸಿಗುವವರೆಗೆ ಆ ರಸೀದಿ ನಿಮ್ಮ ಬಳಿಯೇ ಇರಲಿ.